ಡಯಾಲಿಸಿಸ್‌ನಲ್ಲಿರುವ ಶುಗರ್ ರೋಗಿಗಳಿಗೆ ಪಾದದ ಆರೈಕೆ ಕಲಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪುಟ ಡಯಾಲಿಸಿಸ್ ಘಟಕದ ನರ್ಸ್‌ಗಳಿಗೆ, ಟೆಕ್ನಿಷಿಯನ್‌ಗಳಿಗೆ, ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುವವರಿಗೆ. ರೋಗಿಗಳೂ ಓದಬಹುದು, ಬಚ್ಚಿಡುವಂಥದ್ದು ಏನೂ ಇಲ್ಲ. ಕಾಲಿಗೆ ಈಗಾಗಲೇ ಗಾಯ ಆಗಿದ್ದರೆ ಮಾತ್ರ ಎಲ್ಲವನ್ನೂ ಓದುತ್ತಾ ಕೂರಬೇಡಿ. ಗಾಯದ ಪ್ರಶ್ನೆಯನ್ನು ಓದಿ, ಇವತ್ತೇ ಡಾಕ್ಟರಿಗೆ ತೋರಿಸಿ.

ಶುಗರ್ ಇರುವ ಎಲ್ಲರೂ ಪಾದ ನೋಡಿಕೊಳ್ಳಬೇಕು. ಡಯಾಲಿಸಿಸ್‌ನವರಿಗೆ ಯಾಕೆ ಬೇರೆ ಪಾಠ?

ಅವರಿಗೆ ತೊಂದರೆ ಒಂದರ ಮೇಲೊಂದು ಕೂತಿರುತ್ತದೆ, ಅದಕ್ಕೆ. ಶುಗರ್‌ನಿಂದ ಪಾದದ ನರಗಳು ಮೊದಲೇ ಮಂಕಾಗಿರುತ್ತವೆ. ಕಿಡ್ನಿ ಕೆಲಸ ನಿಂತ ಮೇಲೆ ರಕ್ತದಲ್ಲಿ ಉಳಿಯುವ ಕಲ್ಮಶ ಅದೇ ನರಗಳನ್ನು ಇನ್ನಷ್ಟು ಕೆಡಿಸುತ್ತದೆ. ಕ್ಯಾಲ್ಸಿಯಂ, ಫಾಸ್ಫರಸ್ ಹದ ತಪ್ಪಿ ರಕ್ತನಾಳದ ಗೋಡೆಯಲ್ಲಿ ಸುಣ್ಣ ಕಟ್ಟುತ್ತದೆ, ನಾಳ ಗಡುಸಾಗುತ್ತದೆ, ಪಾದದ ತುದಿಗೆ ರಕ್ತ ಸರಿಯಾಗಿ ತಲುಪುವುದಿಲ್ಲ. ಅದರ ಮೇಲೆ ಡಯಾಲಿಸಿಸ್ ನಡೆಯುವಾಗ ಬಿಪಿ ಇಳಿದರೆ ಆ ಹೊತ್ತಿಗೆ ಪಾದಕ್ಕೆ ಹೋಗುವ ರಕ್ತ ಇನ್ನೂ ಕಡಿಮೆ.

ಇಷ್ಟೇ ಅಲ್ಲ. ಚರ್ಮ ಒಣಗಿ ಬಿರಿಯುತ್ತದೆ. ತುರಿಕೆ ತಡೆಯಲಾಗದೆ ಕೆರೆದುಕೊಳ್ಳುತ್ತಾರೆ. ನೀರು ತುಂಬಿ ಪಾದ ಊದುತ್ತದೆ, ನಿನ್ನೆ ಸರಿಯಿದ್ದ ಚಪ್ಪಲಿ ಇವತ್ತು ಒತ್ತುತ್ತದೆ. ರಕ್ತಹೀನತೆ ಇರುತ್ತದೆ, ಎಷ್ಟೋ ಜನರಿಗೆ ಪ್ರೋಟೀನ್ ಸಾಲುವುದಿಲ್ಲ, ಸೋಂಕಿನ ಜೊತೆ ಹೋರಾಡುವ ಶಕ್ತಿ ಕುಗ್ಗಿರುತ್ತದೆ. ಹೀಗಾಗಿ ಬೇರೆಯವರಲ್ಲಿ ವಾರದಲ್ಲಿ ಮಾಯುವ ಸಣ್ಣ ಗೀರು ಇವರಲ್ಲಿ ತಿಂಗಳುಗಟ್ಟಲೆ ಉಳಿಯಬಹುದು. ಕಿಡ್ನಿ ಕೆಡಿಸಿದ ಶುಗರ್ ಹೆಚ್ಚಿನವರಲ್ಲಿ ಕಣ್ಣನ್ನೂ ಬಿಟ್ಟಿರುವುದಿಲ್ಲ, ಅಂದರೆ ಗಾಯ ಗೊತ್ತಾಗುವುದೂ ಇಲ್ಲ, ಕಾಣುವುದೂ ಇಲ್ಲ.

ಮಾರ್ಗಸೂಚಿಗಳೂ ಇದನ್ನೇ ಹೇಳುತ್ತವೆ. ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2015ರಲ್ಲಿ ಹೊರತಂದ ಮಧುಮೇಹಿ ಪಾದದ ಮಾರ್ಗಸೂಚಿ ಡಯಾಲಿಸಿಸ್‌ನಲ್ಲಿರುವ ಮಧುಮೇಹಿಗಳನ್ನು ನೇರವಾಗಿ ಹೆಚ್ಚಿನ ಅಪಾಯದ ಗುಂಪಿಗೆ ಸೇರಿಸುತ್ತದೆ. ಐಡಬ್ಲ್ಯುಜಿಡಿಎಫ್ ಎಂಬ ಅಂತರರಾಷ್ಟ್ರೀಯ ತಜ್ಞರ ಗುಂಪಿನ ಪ್ರಕಾರ, ಪಾದದ ಸ್ಪರ್ಶ ಅಥವಾ ರಕ್ತದ ಓಡಾಟ ಕುಗ್ಗಿ, ಜೊತೆಗೆ ಕಿಡ್ನಿಯೂ ಪೂರ್ತಿ ಕೈಕೊಟ್ಟಿದ್ದರೆ 1ರಿಂದ 3 ತಿಂಗಳಿಗೊಮ್ಮೆ ಪಾದ ತಪಾಸಣೆ ಆಗಬೇಕು. ಇವರಿಗೆ ವರ್ಷಕ್ಕೊಂದು ಸಲದ ತಪಾಸಣೆ ಸಾಕಾಗುವುದಿಲ್ಲ.

ನಮ್ಮ ಕೆಲಸ ಮೆಷಿನ್ ನೋಡುವುದು. ಪಾದ ನೋಡುವುದು ಶುಗರ್ ಡಾಕ್ಟರ ಕೆಲಸ ಅಲ್ವಾ?

ಕಾಗದದ ಮೇಲೆ ಹೌದು. ಆದರೆ ಯೋಚಿಸಿ ನೋಡಿ. ವಾರಕ್ಕೆ 3 ದಿನ, ಪ್ರತಿ ಸಲ ಸುಮಾರು 4 ಗಂಟೆ ರೋಗಿ ನಿಮ್ಮ ಕಣ್ಣೆದುರೇ ಕಾಲು ಚಾಚಿ ಮಲಗಿರುತ್ತಾನೆ. ಇಷ್ಟು ಹೊತ್ತು ಅವನ ಪಾದ ಬೇರೆ ಯಾವ ಡಾಕ್ಟರ ಎದುರೂ ಇರುವುದಿಲ್ಲ. ಅದಲ್ಲದೆ ಡಯಾಲಿಸಿಸ್‌ಗೆ ಓಡಾಡಿ ಸುಸ್ತಾದವನಿಗೆ ಉಳಿದ ದಿನಗಳಲ್ಲಿ ಇನ್ನೊಂದು ಆಸ್ಪತ್ರೆಗೆ ಹೋಗುವ ತ್ರಾಣವೂ ಇರುವುದಿಲ್ಲ, ಮನಸ್ಸೂ ಇರುವುದಿಲ್ಲ, ಹಾಗಾಗಿ ಶುಗರ್ ಡಾಕ್ಟರ ಭೇಟಿ ಮುಂದಕ್ಕೆ ಹೋಗುತ್ತಾ ಹೋಗುತ್ತಾ ಕೊನೆಗೆ ತಪ್ಪಿಯೇ ಹೋಗುತ್ತದೆ. ಪಾದದ ಪಾಠಕ್ಕೆ ಡಯಾಲಿಸಿಸ್ ಕುರ್ಚಿಗಿಂತ ಒಳ್ಳೆಯ ಜಾಗ ಇಲ್ಲ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಗಾಯಕ್ಕೆ ಚಿಕಿತ್ಸೆ ಕೊಡಿ ಎಂದು ಯಾರೂ ನಿಮ್ಮನ್ನು ಕೇಳುತ್ತಿಲ್ಲ. ನೋಡುವುದು, ತೋರಿಸುವುದು, ಸಂಬಂಧಪಟ್ಟವರಿಗೆ ತಿಳಿಸುವುದು, ಅಷ್ಟು ಸಾಕು.

ಟೈಮ್ ಎಲ್ಲಿದೆ?

ಒಂದು ಗಂಟೆ ಬೇಕಿಲ್ಲ. ಐದು ನಿಮಿಷ ಸಾಕು, ಒಂದು ಸಲಕ್ಕೆ ಒಂದೇ ವಿಷಯ. ಇವತ್ತು ಬೆರಳ ಸಂದಿ ನೋಡುವುದು, ಮುಂದಿನ ಸಲ ಚಪ್ಪಲಿ. ಎಲ್ಲವನ್ನೂ ಒಂದೇ ದಿನ ತುಂಬಿದರೆ ತಲೆಯಲ್ಲಿ ಏನೂ ಉಳಿಯುವುದಿಲ್ಲ. ಡಯಾಲಿಸಿಸ್ ರೋಗಿಗಳಲ್ಲಿ ಮರೆವು, ಗಮನ ಚದುರುವುದು ಜಾಸ್ತಿ, ಅದು ಅವರ ಉದಾಸೀನ ಅಲ್ಲ. ಹೇಗೂ ಎರಡು ದಿನ ಬಿಟ್ಟು ಮತ್ತೆ ಬರುತ್ತಾರೆ, ಅವಸರ ಏನಿದೆ?

ಡಯಾಲಿಸಿಸ್ ನಡೆಯುವಾಗ ಯಾವ ಹೊತ್ತಲ್ಲಿ ಹೇಳಿದರೆ ತಲೆಗೆ ಹೋಗುತ್ತದೆ?

ಮೊದಲ ಒಂದು ಗಂಟೆ. ಆಮೇಲಾಮೇಲೆ ನೀರು ತೆಗೆಯುತ್ತಾ ಹೋದಂತೆ ಬಿಪಿ ಇಳಿಯಬಹುದು, ಕಾಲು ಹಿಡಿದುಕೊಳ್ಳಬಹುದು, ನಿದ್ದೆ ಬರುತ್ತದೆ. ಕೊನೆಯ ಅರ್ಧ ಗಂಟೆಯಲ್ಲಿ ಅವರ ಕಣ್ಣೆಲ್ಲ ಗಡಿಯಾರದ ಮೇಲೆ. ಮುಗಿದ ಮೇಲಂತೂ ಮನೆಗೆ ಹೋಗುವ ಗಡಿಬಿಡಿ, ಆಗ ಹೇಳಿದ್ದು ಗಾಳಿಗೆ ಹೋಯಿತು ಅಂತಲೇ ಲೆಕ್ಕ.

ಇನ್ನೊಂದು ವಿಷಯ ನೆನಪಿರಲಿ. ಫಿಸ್ಟುಲಾ ಕೈಯಲ್ಲಿ, ಅಂದರೆ ಡಯಾಲಿಸಿಸ್‌ಗಾಗಿ ರಕ್ತನಾಳ ಜೋಡಿಸಿದ ಕೈಯಲ್ಲಿ, ಸೂಜಿ ಇದ್ದಾಗ ರೋಗಿ ಬಗ್ಗಿ ತನ್ನ ಪಾದ ಮುಟ್ಟಿಕೊಳ್ಳುವಂತಿಲ್ಲ, ಮುಟ್ಟಿಕೊಳ್ಳಲೂಬಾರದು. ಹಾಗಾಗಿ ನೋಡುವುದು, ಮಾತಾಡುವುದು ಕುರ್ಚಿಯಲ್ಲಿ. ಕೈಯಾರೆ ಮಾಡಿ ತೋರಿಸಬೇಕಾದದ್ದು, ಅಂದರೆ ಕನ್ನಡಿ ಹಿಡಿಯುವುದು, ಬೆರಳ ಸಂದಿ ಒರೆಸುವುದು, ಇವೆಲ್ಲ ಸೂಜಿ ಹಾಕುವ ಮೊದಲು, ತೂಕ ನೋಡಿ ಕಾಯುತ್ತಾ ಕೂತಿರುವಾಗ.

ಮೊದಲ ದಿನ ಎಲ್ಲಿಂದ ಶುರು ಮಾಡಲಿ?

ಸಾಕ್ಸ್ ತೆಗೆಸುವುದರಿಂದ. ಕರಪತ್ರ ಕೈಗೆ ಕೊಟ್ಟು ಶುರು ಮಾಡಬೇಡಿ, ಅದು ಮಡಚಿ ಚೀಲದ ತಳ ಸೇರುತ್ತದೆ. ಎರಡೂ ಪಾದ ಬರಿದು ಮಾಡಿಸಿ, ಬೆಳಕು ಬೀಳುವಂತೆ ಮಾಡಿ, ನೀವೂ ನೋಡಿ, ಅವರಿಗೂ ತೋರಿಸಿ. ಆಮೇಲೆ ಸುಮ್ನೆ ಕೇಳಿ: "ಮನೆಯಲ್ಲಿ ಕಾಲು ಯಾರು ನೋಡ್ತಾರೆ? ಉಗುರು ಯಾರು ತೆಗೀತಾರೆ? ಮನೆಯೊಳಗೆ ಚಪ್ಪಲಿ ಹಾಕ್ತೀರಾ?" ಈ ಮೂರು ಉತ್ತರದಲ್ಲೇ ಏನು ಕಲಿಸಬೇಕು, ಯಾರಿಗೆ ಕಲಿಸಬೇಕು ಎರಡೂ ಗೊತ್ತಾಗುತ್ತದೆ. ಎಷ್ಟೋ ಸಲ ಪಾಠ ಬೇಕಿರುವುದು ಕುರ್ಚಿಯಲ್ಲಿ ಮಲಗಿದವರಿಗಲ್ಲ, ಹೊರಗಡೆ ಬೆಂಚಿನ ಮೇಲೆ ಕಾಯುತ್ತಾ ಕೂತಿರುವ ಹೆಂಡತಿಗೋ ಮಗನಿಗೋ. ಅವರನ್ನು ಐದು ನಿಮಿಷ ಒಳಗೆ ಕರೆಯಿರಿ.

"ನನಗೆ ನೋವೇ ಇಲ್ಲ, ಕಾಲು ಚೆನ್ನಾಗಿದೆ" ಅಂತಾರೆ. ಹೇಗೆ ಒಪ್ಪಿಸುವುದು?

ವಾದ ಮಾಡಬೇಡಿ. ನೋವಿಲ್ಲದಿರುವುದೇ ತೊಂದರೆ ಎನ್ನುವುದು ಬಾಯಿ ಮಾತಲ್ಲಿ ಯಾರಿಗೂ ಒಪ್ಪಿಗೆ ಆಗುವುದಿಲ್ಲ, ಅದನ್ನು ತೋರಿಸಬೇಕು.

ಯಾವ ಸಾಮಾನೂ ಬೇಡದ ಒಂದು ಪರೀಕ್ಷೆ ಇದೆ, ಇಪ್ಸ್‌ವಿಚ್ ಸ್ಪರ್ಶ ಪರೀಕ್ಷೆ ಅಂತ. ರೋಗಿಗೆ ಕಣ್ಣು ಮುಚ್ಚಿಕೊಳ್ಳಲು ಹೇಳಿ. ನಿಮ್ಮ ತೋರುಬೆರಳ ತುದಿಯಿಂದ ಅವರ ಎರಡೂ ಪಾದದ ಹೆಬ್ಬೆರಳು, ನಡುಬೆರಳು, ಕಿರುಬೆರಳ ತುದಿಯನ್ನು ಒಂದೆರಡು ಸೆಕೆಂಡ್ ಹಗುರವಾಗಿ ಮುಟ್ಟಿ. ಒತ್ತಬೇಡಿ, ತಟ್ಟಬೇಡಿ, ಸವರಬೇಡಿ. ಮುಟ್ಟಿದ್ದು ಗೊತ್ತಾದಾಗ ಎಡ ಅಥವಾ ಬಲ ಅಂತ ಹೇಳಬೇಕು. ಒಟ್ಟು 6 ಜಾಗದಲ್ಲಿ 2 ಅಥವಾ ಹೆಚ್ಚು ಕಡೆ ಗೊತ್ತಾಗದಿದ್ದರೆ ಸ್ಪರ್ಶ ಕುಗ್ಗಿದೆ ಎಂದರ್ಥ. ಇದನ್ನು ಮನೆಯವರ ಕೈಯಲ್ಲೇ ಮಾಡಿಸಿ. ತನ್ನ ಮಗಳು ಮುಟ್ಟುತ್ತಿರುವುದು ತನಗೆ ತಿಳಿಯಲೇ ಇಲ್ಲ ಎಂದು ಕಣ್ಣು ಬಿಟ್ಟು ನೋಡಿದ ಮೇಲೆ ನೀವು ಹೆಚ್ಚು ಹೇಳಬೇಕಾಗುವುದಿಲ್ಲ.

ಸ್ಪರ್ಶ ಪರೀಕ್ಷಿಸುವ ನೈಲಾನ್ ಎಳೆ, ಅಂದರೆ 10 ಗ್ರಾಂ ಮಾನೋಫಿಲಮೆಂಟ್ ಇದ್ದರೆ ಅದನ್ನೂ ಬಳಸಿ. ಮೊದಲು ಕೈ ಮೇಲೆ ಒತ್ತಿ ಆ ಸ್ಪರ್ಶ ಹೇಗಿರುತ್ತದೆ ಎಂದು ತಿಳಿಸಿ, ಆಮೇಲೆ ಪಾದದ ಮೇಲೆ ಅದು ಬಾಗುವಷ್ಟು ಒತ್ತಿ. ಗಟ್ಟಿಯಾದ ಚರ್ಮದ ಮೇಲೆ ಬೇಡ, ಅಲ್ಲಿ ಯಾರಿಗೂ ಸರಿಯಾಗಿ ಗೊತ್ತಾಗುವುದಿಲ್ಲ.

ಕೆಲವರಿಗೆ ಪಾದ ಉರಿಯುತ್ತದೆ, ಜೋಮು ಹಿಡಿಯುತ್ತದೆ, ರಾತ್ರಿ ಚುಚ್ಚುತ್ತದೆ. "ಉರಿ ಇದೆ ಅಂದ್ಮೇಲೆ ನರ ಚೆನ್ನಾಗೇ ಇದೆ" ಅಂದುಕೊಂಡಿರುತ್ತಾರೆ. ಹಾಗಲ್ಲ. ಉರಿಯುವ ಪಾದಕ್ಕೂ ಮುಳ್ಳು ಚುಚ್ಚಿದ್ದು ತಿಳಿಯದೆ ಹೋಗಬಹುದು.

ದಿನಾ ಪಾದ ನೋಡಿ ಅಂತೀರಿ. ಏನನ್ನು ನೋಡಬೇಕು?

ಹೊಸದಾಗಿ ಬಂದದ್ದನ್ನು. ನಿನ್ನೆ ಇಲ್ಲದ್ದು ಇವತ್ತು ಏನಿದೆ ಅನ್ನುವುದೇ ಪ್ರಶ್ನೆ. ಗುಳ್ಳೆ, ಗೀರು, ಬಿರುಕು, ಬೆರಳ ಸಂದಿಯಲ್ಲಿ ಬಿಳುಪಾಗಿ ನೆನೆದಂತಾದ ಚರ್ಮ, ಉಗುರಿನ ಅಂಚಿನಲ್ಲಿ ಊತ, ಆಣಿಯ ಕೆಳಗೆ ಕಪ್ಪು ಅಥವಾ ರಕ್ತ ಕಟ್ಟಿದ ಬಣ್ಣ, ಸಾಕ್ಸ್‌ನಲ್ಲಿ ಕಲೆ, ವಾಸನೆ. ಆಣಿಯೊಳಗೆ ರಕ್ತ ಕಟ್ಟಿದ್ದರೆ ಅದರಡಿ ಹುಣ್ಣು ಆಗಲೇ ಶುರುವಾಗಿರಬಹುದು, ಅದನ್ನು ಬರೀ ಆಣಿ ಅಂತ ಬಿಡಬೇಡಿ.

"ಕೆಂಪಾಗಿದೆಯಾ ನೋಡಿ" ಅಂತ ಎಲ್ಲ ಕಡೆ ಬರೆದಿರುತ್ತಾರೆ. ಕಪ್ಪು, ಗೋಧಿ ಬಣ್ಣದ ಚರ್ಮದಲ್ಲಿ ಕೆಂಪು ಅಷ್ಟು ಸುಲಭವಾಗಿ ಕಾಣುವುದಿಲ್ಲ. ಸುತ್ತಲಿನದಕ್ಕಿಂತ ಕಪ್ಪಾಗಿರುವುದು, ಹೊಳೆಯುವುದು, ಬಿಗಿದಂತಿರುವುದು, ಮುಟ್ಟಿದರೆ ಬಿಸಿ ಇರುವುದು, ಇವನ್ನು ಹುಡುಕಲು ಕಲಿಸಿ. ಬಿಸಿ ನೋಡಲು ಕೈಯ ಹಿಂಭಾಗ ಒಳ್ಳೆಯದು, ಎರಡೂ ಪಾದದ ಅದೇ ಜಾಗವನ್ನು ಮುಟ್ಟಿ ಹೋಲಿಸಬೇಕು. ಚರ್ಮದ ಉಷ್ಣತೆ ಅಳೆಯುವ ಥರ್ಮಾಮೀಟರ್ ಇದ್ದವರಿಗೆ ಲೆಕ್ಕ ಇದು: ಒಂದೇ ಜಾಗದಲ್ಲಿ ಎಡ ಬಲದ ನಡುವೆ 2.2 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ವ್ಯತ್ಯಾಸ ಎರಡು ದಿನ ಸತತ ಕಂಡರೆ ಓಡಾಟ ಕಡಿಮೆ ಮಾಡಿ ಡಾಕ್ಟರಿಗೆ ತಿಳಿಸಬೇಕು.

ಜಾಗ ಯಾವುದೂ ತಪ್ಪಬಾರದು. ಮೇಲೆ, ಅಡಿ, ಹಿಮ್ಮಡಿಯ ಹಿಂಭಾಗ, ನಾಲ್ಕೂ ಬೆರಳ ಸಂದಿ. ಹಿಮ್ಮಡಿಯ ಹಿಂಭಾಗವನ್ನು ಎಲ್ಲರೂ ಮರೆಯುತ್ತಾರೆ, ಡಯಾಲಿಸಿಸ್ ಕುರ್ಚಿಯಲ್ಲಿ ಒತ್ತಡ ಬೀಳುವುದೇ ಅಲ್ಲಿ.

ಕಣ್ಣು ಸರಿಯಾಗಿ ಕಾಣಲ್ಲ, ಬಗ್ಗೋಕೂ ಆಗಲ್ಲ ಅನ್ನುವವರಿಗೆ?

ಬಗ್ಗಲಾಗದವರಿಗೆ ನೆಲದ ಮೇಲೆ ಕನ್ನಡಿ ಇಟ್ಟು ಅದರ ಮೇಲೆ ಪಾದ ಹಿಡಿಯುವುದು ಕಲಿಸಿ. ಮೊಬೈಲ್‌ನಲ್ಲಿ ಅಂಗಾಲಿನ ಫೋಟೋ ತೆಗೆದು ದೊಡ್ಡದು ಮಾಡಿ ನೋಡುವುದು ಅದಕ್ಕಿಂತ ಸುಲಭ. ಹಳೆಯ ಫೋಟೋ ಪಕ್ಕದಲ್ಲಿಟ್ಟು ಹೋಲಿಸಬಹುದು, ನಿಮಗೂ ತೋರಿಸಬಹುದು. ಹೊಟ್ಟೆ ಡಯಾಲಿಸಿಸ್ ಮಾಡಿಕೊಳ್ಳುವವರು ದ್ರಾವಣ ಹೊರಬಿಟ್ಟು ಹೊಟ್ಟೆ ಖಾಲಿ ಇರುವ ಹೊತ್ತಲ್ಲಿ ನೋಡಿಕೊಂಡರೆ ಬಗ್ಗುವುದು ಸಲೀಸು.

ಕಣ್ಣು ಕಾಣದವರಿಗೆ "ಕೈಯಿಂದ ತಡವಿ ನೋಡಿ" ಎಂದು ಹೇಳಿ ಬಿಟ್ಟುಬಿಡಬೇಡಿ. ಎಷ್ಟೋ ಜನರಿಗೆ ಬೆರಳ ತುದಿಯ ಸ್ಪರ್ಶವೂ ಹೋಗಿರುತ್ತದೆ. ಇನ್ನೊಬ್ಬರು ನೋಡಲೇಬೇಕು. ಮನೆಯಲ್ಲಿ ಒಬ್ಬರೇ ಇರುವವರ ಹೆಸರನ್ನು ಪಟ್ಟಿ ಮಾಡಿ, ಅಂಥವರ ಪಾದವನ್ನು ಪ್ರತಿ ಡಯಾಲಿಸಿಸ್‌ಗೂ ನೀವೇ ನೋಡಿ, ಬೇರೆ ದಾರಿ ಇಲ್ಲ.

ಕಾಲು ತೊಳೆಯುವುದನ್ನೂ ಕಲಿಸಬೇಕಾ?

ಬೇಕು, ಯಾಕೆಂದರೆ ಸುಡುವುದು ಅಲ್ಲೇ. ನೀರು ಬಿಸಿ ಎಷ್ಟಿದೆ ಎಂದು ಪಾದಕ್ಕೆ ತಿಳಿಯುವುದಿಲ್ಲ. ಮೊಣಕೈಯಿಂದ ನೋಡಬೇಕು, ಇಲ್ಲವೇ ಮನೆಯಲ್ಲಿ ಬೇರೆಯವರು ನೋಡಬೇಕು. ನೀರು 37 ಡಿಗ್ರಿಗಿಂತ ಬಿಸಿ ಇರಬಾರದು, ಅಂದರೆ ಉಗುರುಬೆಚ್ಚಗೆ ಅಷ್ಟೇ. ಬಕೆಟ್‌ನಲ್ಲಿ ಕಾಲು ನೆನೆಸಿಕೊಂಡು ಕೂರುವುದು ಬೇಡವೇ ಬೇಡ. ಆ ಕ್ಷಣಕ್ಕೆ ಹಿತ ಅನಿಸುತ್ತದೆ, ಆದರೆ ಚರ್ಮ ಮೆತ್ತಗಾಗಿ ಆಮೇಲೆ ಇನ್ನೂ ಒಣಗುತ್ತದೆ, ಬಿರುಕಿದ್ದರೆ ಸೋಂಕು ಒಳಗಿಳಿಯುತ್ತದೆ. ತೊಳೆದ ಮೇಲೆ ಬೆರಳ ಸಂದಿ ಒರೆಸುವುದು ತೊಳೆಯುವುದಕ್ಕಿಂತ ಮುಖ್ಯ. ಉಜ್ಜಬೇಡಿ, ಮೆತ್ತನೆ ಬಟ್ಟೆಯಲ್ಲಿ ಒತ್ತಿ ತೇವ ತೆಗೆಯಿರಿ.

ಚರ್ಮ ಒಣಗಿ ಹಿಮ್ಮಡಿ ಒಡೆದಿದೆ, ತುರಿಕೆ ಬೇರೆ. ಏನು ಹಚ್ಚಬೇಕು?

ವಾಸನೆ ಬಣ್ಣ ಇಲ್ಲದ ಯಾವುದಾದರೂ ಮಾಯಿಶ್ಚರೈಸರ್. ಹಿಮ್ಮಡಿಗೆ ಯೂರಿಯಾ ಇರುವ ಕ್ರೀಮ್ ಒಳ್ಳೆಯದು. ಆ ಹೆಸರು ಕೇಳಿ ಡಯಾಲಿಸಿಸ್ ರೋಗಿಗಳು ಗಾಬರಿಯಾಗುತ್ತಾರೆ, "ರಕ್ತದಲ್ಲೇ ಯೂರಿಯಾ ಜಾಸ್ತಿ ಇದೆ, ಮತ್ತೆ ಹಚ್ಚೋದಾ?" ಅಂತ. ಒಡೆದ ಹಿಮ್ಮಡಿಗೆ ಹಚ್ಚುವಷ್ಟು ಕ್ರೀಮಿನಿಂದ ರಕ್ತದ ಯೂರಿಯಾ ಏರುವುದಿಲ್ಲ, ಸಮಾಧಾನ ಹೇಳಿ. ಆದರೆ ಬಿರುಕು ಆಳವಾಗಿದ್ದರೆ, ರಕ್ತ ಬರುತ್ತಿದ್ದರೆ ಅದು ಗಾಯ, ಕ್ರೀಮಿನ ಕೆಲಸ ಅಲ್ಲ.

ಬೆರಳ ಸಂದಿಗೆ ಮಾತ್ರ ಹಚ್ಚಬಾರದು. ಅಲ್ಲಿ ತೇವ ನಿಂತರೆ ಫಂಗಸ್. ಹಚ್ಚಿದ ಕೂಡಲೇ ಎದ್ದು ನಡೆದರೆ ಜಾರಿ ಬೀಳುತ್ತಾರೆ, ಸಾಕ್ಸ್ ಚಪ್ಪಲಿ ಹಾಕಿಕೊಂಡೇ ಏಳಲಿ.

ತುರಿಕೆ ತಡೆಯಲಾಗದಷ್ಟಿದ್ದರೆ ಬರೀ ಕ್ರೀಮಿಗೆ ಬಗ್ಗುವುದಿಲ್ಲ. ಫಾಸ್ಫರಸ್ ಎಷ್ಟಿದೆ, ಡಯಾಲಿಸಿಸ್ ಸಾಕಷ್ಟು ಆಗುತ್ತಿದೆಯಾ ಎಂದು ಕಿಡ್ನಿ ಡಾಕ್ಟರೇ ನೋಡಬೇಕು. ಅಲ್ಲಿಯವರೆಗೆ ಕೈ ಉಗುರು ಮೋಟಾಗಿರಲಿ.

ಕಾಲಿನ ಉಗುರು ಯಾರು ಕತ್ತರಿಸಬೇಕು?

ಕಣ್ಣು ಚೆನ್ನಾಗಿ ಕಾಣುವವರು, ಕೈ ನಡುಗದವರು. ರೋಗಿಯೇ ಆಗಬೇಕಿಲ್ಲ. ನೇರವಾಗಿ ಕತ್ತರಿಸಬೇಕು, ಮೂಲೆ ಒಳಗೆ ಕೊರೆಯಬಾರದು, ಚೂಪಾದ ಅಂಚನ್ನು ಫೈಲ್‌ನಿಂದ ಉಜ್ಜಬೇಕು. ಬ್ಲೇಡ್ ಬೇಡ. ಡಯಾಲಿಸಿಸ್ ದಿನ ಉಗುರಿಗೆ ಕೈ ಹಾಕಬೇಡಿ. ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಟ್ಟಿರುತ್ತಾರೆ, ಸ್ವಲ್ಪ ಕುಯ್ದುಕೊಂಡರೂ ರಕ್ತ ಬೇಗ ನಿಲ್ಲುವುದಿಲ್ಲ. ದಪ್ಪಗಟ್ಟಿದ, ಸೊಟ್ಟಗಾದ ಉಗುರನ್ನು ಮನೆಯಲ್ಲಿ ಯಾರೂ ಮುಟ್ಟದಿರುವುದೇ ಒಳ್ಳೆಯದು, ಪಾದದ ಕ್ಲಿನಿಕ್‌ಗೆ ಕಳಿಸಿ.

ಆಣಿಗೂ ಅದೇ ಮಾತು. ಅಂಗಡಿಯಲ್ಲಿ ಸಿಗುವ ಆಣಿ ಪಟ್ಟಿ, ಆಣಿ ದ್ರಾವಣಗಳಲ್ಲಿ ಆಸಿಡ್ ಇರುತ್ತದೆ. ಸ್ಪರ್ಶ ಇಲ್ಲದ ಪಾದದಲ್ಲಿ ಅದು ಆಣಿಯ ಜೊತೆ ಒಳ್ಳೆಯ ಚರ್ಮವನ್ನೂ ತಿನ್ನುತ್ತದೆ.

ಚಪ್ಪಲಿ ಬಗ್ಗೆ ಏನು ಹೇಳಬೇಕು? ಬೆಳಿಗ್ಗೆ ಸರಿ ಇರುತ್ತೆ, ಸಂಜೆ ಬಿಗಿಯಾಗುತ್ತೆ ಅಂತಾರೆ.

ಇದು ಡಯಾಲಿಸಿಸ್‌ನವರ ವಿಶೇಷ ಸಮಸ್ಯೆ, ಸಾಮಾನ್ಯ ಶುಗರ್ ಪಾಠದಲ್ಲಿ ಇದರ ಸುದ್ದಿಯೇ ಇರುವುದಿಲ್ಲ. ಡಯಾಲಿಸಿಸ್‌ಗೆ ಬರುವ ಮುಂಚೆ ಪಾದ ಊದಿರುತ್ತದೆ, ಮುಗಿಸಿ ಹೋಗುವಾಗ ಇಳಿದಿರುತ್ತದೆ. ಊದಿದಾಗ ಚಪ್ಪಲಿ ಕಚ್ಚುತ್ತದೆ, ಇಳಿದಾಗ ಸಡಿಲವಾಗಿ ಉಜ್ಜುತ್ತದೆ. ಎರಡರಿಂದಲೂ ಗುಳ್ಳೆ. ಹಾಗಾಗಿ ಚಪ್ಪಲಿ ಕೊಳ್ಳುವುದಾದರೆ ಡಯಾಲಿಸಿಸ್‌ನ ಹಿಂದಿನ ಸಂಜೆ, ಪಾದ ಅತಿ ಊದಿರುವಾಗ. ಮತ್ತು ಸಡಿಲ ಬಿಗಿ ಮಾಡಿಕೊಳ್ಳುವ ಪಟ್ಟಿ ಇರಲೇಬೇಕು, ಅದನ್ನು ಡಯಾಲಿಸಿಸ್ ಮುಗಿದ ಮೇಲೆ ಮತ್ತೆ ಬಿಗಿ ಮಾಡಿಕೊಳ್ಳಲು ನೀವೇ ನೆನಪಿಸಿ.

ಒಳಗಿನ ಉದ್ದ ಪಾದಕ್ಕಿಂತ 1ರಿಂದ 2 ಸೆಂಟಿಮೀಟರ್ ಜಾಸ್ತಿ ಇರಬೇಕು. ಸ್ಪರ್ಶ ಇಲ್ಲದವರಿಗೆ ಸ್ವಲ್ಪ ಸಡಿಲ ಇದ್ದದ್ದೂ ಹಾಕಿಕೊಂಡಂತೆಯೇ ಅನಿಸುವುದಿಲ್ಲ, ಅದಕ್ಕೇ ಬಿಗಿ ಅಳತೆಯನ್ನೇ ಆರಿಸಿಕೊಳ್ಳುತ್ತಾರೆ. ಕಾಗದದ ಮೇಲೆ ನಿಲ್ಲಿಸಿ ಪಾದದ ಸುತ್ತ ಗೆರೆ ಎಳೆಯಿರಿ, ಆ ಆಕಾರ ಕತ್ತರಿಸಿ ಚಪ್ಪಲಿಯ ಒಳಗಿಟ್ಟು ನೋಡಿ. ಕಾಗದ ಅಂಚಿನಲ್ಲಿ ಮಡಚಿಕೊಂಡರೆ ಆ ಚಪ್ಪಲಿ ಇವರಿಗಲ್ಲ. ಹಾಕಿಕೊಂಡಿರುವ ಚಪ್ಪಲಿಯನ್ನೇ ಹೀಗೆ ಅಳೆದು ತೋರಿಸಿದರೆ ಮಾತು ಬೇಗ ನಾಟುತ್ತದೆ. ಹೆಬ್ಬೆರಳ ಸಂದಿಯಲ್ಲಿ ಪಟ್ಟಿ ಬರುವ ಚಪ್ಪಲಿ ಆ ಸಂದಿಯನ್ನೇ ಕೊರೆಯುತ್ತದೆ, ಅದು ಬೇಡ.

ಮನೆಯೊಳಗೂ ಬರಿಗಾಲು ಬೇಡ. ರಾತ್ರಿ ಬಾತ್‌ರೂಮಿಗೆ ಹೋಗುವಾಗಲೂ. ಇದನ್ನು ಒಪ್ಪಿಸುವುದೇ ಎಲ್ಲಕ್ಕಿಂತ ಕಷ್ಟ. ಮನೆಯೊಳಗೆ ಮಾತ್ರ ಬಳಸುವ ಒಂದು ಜೊತೆ ಬೇರೆ ಇಟ್ಟುಕೊಳ್ಳಿ ಎಂದರೆ ಕೆಲವರು ಒಪ್ಪುತ್ತಾರೆ. ಹಾಕಿಕೊಳ್ಳುವ ಮೊದಲು ತಲೆಕೆಳಗು ಮಾಡಿ ಕೊಡವುವುದು, ಒಳಗೆ ಕೈ ಆಡಿಸುವುದು ದಿನದ ರೂಢಿಯಾಗಲಿ. ಸಾಕ್ಸ್ ತಿಳಿಬಣ್ಣದ್ದು, ಹೊಲಿಗೆ ದಪ್ಪ ಇಲ್ಲದ್ದು, ಮೇಲೆ ಎಲಾಸ್ಟಿಕ್ ಬಿಗಿಯಿಲ್ಲದ್ದು. ಕಲೆ ಕಾಣಲಿ ಅಂತಲೇ ತಿಳಿಬಣ್ಣ. ಊತ ಇಳಿಯಲಿ ಎಂದು ಬಿಗಿ ಸ್ಟಾಕಿಂಗ್ಸ್ ತಾವಾಗಿಯೇ ಕೊಂಡು ಹಾಕಬಾರದು, ಮೊದಲು ಪಾದದ ರಕ್ತದ ಓಡಾಟ ಪರೀಕ್ಷೆ ಆಗಿರಬೇಕು.

ಡಯಾಲಿಸಿಸ್ ಕುರ್ಚಿಯಲ್ಲಿ ಮಲಗಿರುವಾಗ ಪಾದಕ್ಕೆ ಏನಾದರೂ ಆಗುತ್ತದಾ?

ಆಗುತ್ತದೆ. ನಾಲ್ಕು ಗಂಟೆ ಹಿಮ್ಮಡಿ ಒಂದೇ ಜಾಗದಲ್ಲಿ ಒತ್ತಿಕೊಂಡಿರುತ್ತದೆ, ಆಗಲೇ ಬಿಪಿಯೂ ಇಳಿಯುತ್ತದೆ. ಮಾಮೂಲಿ ಜನ ನೋವಾಗಿ ಕಾಲು ಸರಿಸುತ್ತಾರೆ, ಇವರು ಸರಿಸುವುದಿಲ್ಲ. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಗಾಳಿಯಲ್ಲಿ ತೇಲುವಂತೆ ಮಾಡಿ. ದಿಂಬು ಹಿಮ್ಮಡಿಯ ಕೆಳಗೇ ಬಂದರೆ ಉಪಯೋಗ ಇಲ್ಲ. ಬಿಪಿ ನೋಡಲು ಹೋದಾಗೆಲ್ಲ ಕಾಲಿನ ಕಡೆ ಒಂದು ಕಣ್ಣು ಹಾಯಿಸಿ. ಒಂದು ಕಾಲ ಮೇಲೆ ಇನ್ನೊಂದು ಕಾಲು ಹಾಕಿ ನಿದ್ದೆ ಹೋದವರನ್ನು ಎಬ್ಬಿಸಲು ಸಂಕೋಚ ಬೇಡ.

ಡಯಾಲಿಸಿಸ್ ಹೊತ್ತಲ್ಲಿ ಕಾಲು ತಣ್ಣಗಾಗುತ್ತೆ, ಬಿಸಿನೀರಿನ ಚೀಲ ಇಡಬಹುದಾ?

ಬೇಡ. ಹೀಟಿಂಗ್ ಪ್ಯಾಡ್ ಕೂಡ ಬೇಡ. ಚರ್ಮ ಸುಟ್ಟು ಗುಳ್ಳೆ ಎದ್ದರೂ ಅವರಿಗೆ ತಿಳಿಯುವುದಿಲ್ಲ. ದಪ್ಪ ಸಾಕ್ಸ್, ಹೊದಿಕೆ ಸಾಕು. ಒಂದೇ ಪಾದ ತಣ್ಣಗಿದ್ದು ಬಣ್ಣವೂ ಬದಲಾಗಿದ್ದರೆ ಅದು ಚಳಿಯ ವಿಷಯ ಅಲ್ಲ, ತಕ್ಷಣ ಡಾಕ್ಟರನ್ನು ಕರೆಯಿರಿ.

ಸಣ್ಣ ಗಾಯ ಆದರೆ ಏನು ಮಾಡಲು ಹೇಳಬೇಕು? ಎಷ್ಟು ದಿನ ನೋಡಬಹುದು?

ದಿನಗಟ್ಟಲೆ ನೋಡುವುದು ಅನ್ನುವುದೇ ಇಲ್ಲ. ನೈಸ್ ಮಾರ್ಗಸೂಚಿ ಮಧುಮೇಹಿಯ ಪಾದದಲ್ಲಿ ಹುಣ್ಣು ಕಂಡರೆ 1 ಕೆಲಸದ ದಿನದೊಳಗೆ ಪಾದದ ತಂಡಕ್ಕೆ ಕಳಿಸಬೇಕು ಎನ್ನುತ್ತದೆ. ಅಷ್ಟರೊಳಗೆ ಮನೆಯಲ್ಲಿ ಮಾಡಬೇಕಾದದ್ದು ಇಷ್ಟೇ: ಶುದ್ಧ ನೀರಿನಲ್ಲಿ ತೊಳೆಯುವುದು, ಒಣ ಶುದ್ಧ ಬಟ್ಟೆಯಿಂದ ಮುಚ್ಚುವುದು, ಆ ಕಾಲಿನ ಮೇಲೆ ಭಾರ ಹಾಕದಿರುವುದು, ಫೋಟೋ ತೆಗೆದು ಘಟಕಕ್ಕೆ ತಿಳಿಸುವುದು. ಗುಳ್ಳೆ ಒಡೆಯಬಾರದು. ಪುಡಿ, ಪೇಸ್ಟು, ಯಾರೋ ಹೇಳಿದ ಮದ್ದು ಮೆತ್ತಬಾರದು, ಅದರಡಿ ಏನಾಗುತ್ತಿದೆ ಅಂತಲೇ ಕಾಣುವುದಿಲ್ಲ. ಹಳೆಯ ಆ್ಯಂಟಿಬಯೋಟಿಕ್ ಮಾತ್ರೆ ಹುಡುಕಿ ನುಂಗಬಾರದು. ಹೆಚ್ಚಿನ ಆ್ಯಂಟಿಬಯೋಟಿಕ್‌ಗಳ ಪ್ರಮಾಣವನ್ನು ಡಯಾಲಿಸಿಸ್ ರೋಗಿಗೆ ಬೇರೆಯೇ ಲೆಕ್ಕ ಹಾಕಬೇಕಾಗುತ್ತದೆ, ಕೆಲವನ್ನು ಡಯಾಲಿಸಿಸ್ ಮುಗಿದ ಮೇಲೆಯೇ ಕೊಡಬೇಕು.

ಕೀವು, ಕೆಟ್ಟ ವಾಸನೆ, ಗಾಯದಿಂದ ಮೇಲಕ್ಕೆ ಹರಡುತ್ತಿರುವ ಊತ, ಬೆರಳು ಕಪ್ಪಾಗುವುದು, ಚಳಿ ನಡುಕ ಇದ್ದರೆ ಅದೇ ಗಳಿಗೆ ಆಸ್ಪತ್ರೆ. ಜ್ವರ ಬರಲಿ ಎಂದು ಕಾಯಬೇಡಿ. ಡಯಾಲಿಸಿಸ್ ರೋಗಿಗಳಲ್ಲಿ ದೊಡ್ಡ ಸೋಂಕಿದ್ದರೂ ಜ್ವರ ಕಾಣದೇ ಇರಬಹುದು. ಕಾರಣವಿಲ್ಲದೆ ಶುಗರ್ ಏರಿದ್ದರೆ ಸಾಕ್ಸ್ ತೆಗೆದು ನೋಡಿ, ಕಾಲಿನ ಸೋಂಕು ಮೊದಲು ಅಲ್ಲಿ ಸುಳಿವು ಕೊಟ್ಟಿರುವುದುಂಟು.

ಗಾಯ ಇದೆ ಎಂದು ಡಯಾಲಿಸಿಸ್ ತಪ್ಪಿಸಬಾರದು. ಊತ ಜಾಸ್ತಿಯಾದರೆ ಗಾಯ ಮಾಯುವುದು ಇನ್ನೂ ನಿಧಾನ.

ಪಾದ ಊದಿದೆ, ಬಿಸಿ ಇದೆ, ಆದರೆ ಗಾಯ ಇಲ್ಲ, ನೋವೂ ಅಷ್ಟಿಲ್ಲ. ನೀರು ತುಂಬಿದ್ದಾ?

ನೀರು ತುಂಬಿದರೆ ಸಾಮಾನ್ಯವಾಗಿ ಎರಡೂ ಕಾಲು ಊದುತ್ತವೆ, ಬಿಸಿ ಇರುವುದಿಲ್ಲ, ಡಯಾಲಿಸಿಸ್ ಆದ ಮೇಲೆ ಇಳಿಯುತ್ತದೆ. ಒಂದೇ ಪಾದ ಊದಿ ಬಿಸಿಯಾಗಿದ್ದರೆ ಸೋಂಕು ಇರಬಹುದು, ಇಲ್ಲವೇ ಶಾರ್ಕೋ ಪಾದ ಇರಬಹುದು. ಶಾರ್ಕೋದಲ್ಲಿ ನರ ಸತ್ತ ಪಾದದ ಮೂಳೆಗಳು ಒಳಗೊಳಗೇ ಮುರಿದು ಜರುಗುತ್ತವೆ, ರೋಗಿ ಅದರ ಮೇಲೇ ನಡೆದಾಡುತ್ತಿರುತ್ತಾನೆ. ಶುರುವಿನಲ್ಲಿ ಎಕ್ಸ್‌ರೇ ಸರಿಯಾಗಿಯೇ ಕಾಣಬಹುದು. ಡ್ರೈ ವೇಟ್ (ಹೆಚ್ಚಿನ ನೀರು ತೆಗೆದ ಮೇಲೆ ಇರಬೇಕಾದ ತೂಕ) ಇಳಿಸಿ ನೋಡೋಣ ಎಂದು ವಾರಗಟ್ಟಲೆ ಕಳೆಯುವುದು ಇಲ್ಲಿ ಆಗುವ ದೊಡ್ಡ ಅನಾಹುತ. ಕಾಲಿಗೆ ಭಾರ ಬೀಳದಂತೆ ಕೂರಿಸಿ, ಅವತ್ತೇ ಡಾಕ್ಟರಿಗೆ ಹೇಳಿ.

ಕಾಲಿನ ಬಿಪಿ ಪರೀಕ್ಷೆ ನಾರ್ಮಲ್ ಬಂದಿದೆ. ರಕ್ತದ ಓಡಾಟ ಸರಿ ಇದೆ ಅಂತ ತಿಳಿಯಬಹುದಾ?

ಡಯಾಲಿಸಿಸ್ ರೋಗಿಯಲ್ಲಿ ಅದನ್ನೊಂದನ್ನೇ ನಂಬಬೇಡಿ. ಕೈ ಮತ್ತು ಕಾಲಿನ ಬಿಪಿ ಹೋಲಿಸುವ ಎಬಿಐ ಪರೀಕ್ಷೆಯಲ್ಲಿ ಪಟ್ಟಿ ಗಾಳಿ ತುಂಬಿ ನಾಳವನ್ನು ಒತ್ತಬೇಕು. ಸುಣ್ಣ ಕಟ್ಟಿದ ನಾಳ ಒತ್ತಿದರೂ ಮುಚ್ಚುವುದಿಲ್ಲ, ಹಾಗಾಗಿ ಅಂಕಿ ಸುಳ್ಳೇ ಚೆನ್ನಾಗಿ ಬರುತ್ತದೆ. ಕಾಲ್ಬೆರಳಿನ ಸಣ್ಣ ನಾಳಗಳಲ್ಲಿ ಈ ತೊಂದರೆ ಕಡಿಮೆ, ಅದಕ್ಕೆ ಕಾಲಿನ ಹೆಬ್ಬೆರಳಿನ ಬಿಪಿ ನೋಡುತ್ತಾರೆ. ಎಬಿಐ 1.3ಕ್ಕಿಂತ ಮೇಲೆ ಬಂದರೆ ಖುಷಿಪಡುವಂಥದ್ದಲ್ಲ, ನಾಳ ಗಡುಸಾಗಿದೆ ಎಂಬ ಸೂಚನೆ.

ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್) ಕಡಿಮೆ ಇದ್ದರೆ ಪಾದ ಸುರಕ್ಷಿತ ಅಲ್ವಾ?

ಅಲ್ಲ. ಇವರಲ್ಲಿ ಕೆಂಪು ರಕ್ತಕಣಗಳ ಆಯುಷ್ಯ ಕಡಿಮೆ, ರಕ್ತ ಹೆಚ್ಚಿಸುವ ಇಂಜೆಕ್ಷನ್ ಬೇರೆ ಇರುತ್ತದೆ, ಆ ಅಂಕಿ ನಿಜಕ್ಕಿಂತ ಕಡಿಮೆ ತೋರಿಸಬಹುದು. ನಿಜವಾಗಿ ಕಡಿಮೆ ಇದ್ದರೂ ಸತ್ತ ನರ ವಾಪಸ್ ಬರುವುದಿಲ್ಲ.

ವಾಕಿಂಗ್ ಮಾಡಬಹುದಾ?

ಗಾಯ, ಗುಳ್ಳೆ, ಬಿಸಿ ಊತ ಇಲ್ಲದಿದ್ದರೆ, ಸರಿಯಾದ ಚಪ್ಪಲಿ ಇದ್ದರೆ ಧಾರಾಳವಾಗಿ. ಗಾಯ, ಗುಳ್ಳೆ, ಬಿಸಿ ಊತ ಇದ್ದರೆ ಬೇಡ.

ಎಷ್ಟು ಹೇಳಿದರೂ ಕೇಳಲ್ಲ. ಕೊಳೆತ ಕಾಲಿನ ಫೋಟೋ ತೋರಿಸಿ ಹೆದರಿಸಬಹುದಾ?

ಹೆದರಿಸಿದರೆ ಕಾಲು ಮುಚ್ಚಿಡುತ್ತಾರೆ. ಗಾಯ ಆದರೂ ಬೈಗುಳಕ್ಕೆ ಅಂಜಿ ಹೇಳುವುದಿಲ್ಲ, ಸಾಕ್ಸ್ ತೆಗೆಯಲು ಒಲ್ಲೆ ಅನ್ನುತ್ತಾರೆ. ಊಟ, ನೀರು, ಮಾತ್ರೆ, ಎಲ್ಲದಕ್ಕೂ ಬೇಡ ಬೇಡ ಎನ್ನಿಸಿಕೊಂಡು ಬೇಸತ್ತ ಜನ ಅವರು. ನಿಮ್ಮದೂ ಇನ್ನೊಂದು ಬೇಡ ಆಗದಿರಲಿ.

ಹೇಳಿದ ಮೇಲೆ "ಅರ್ಥ ಆಯ್ತಾ?" ಎಂದು ಕೇಳಬೇಡಿ, ಎಲ್ಲರೂ ಹೂಂ ಅಂತಾರೆ. "ನಾಳೆ ಮನೆಯಲ್ಲಿ ಹೇಗೆ ಮಾಡ್ತೀರಿ, ನನಗೆ ಹೇಳಿ ನೋಡೋಣ" ಅನ್ನಿ. ತಪ್ಪಿದರೆ ನಾನೇ ಸರಿಯಾಗಿ ಹೇಳಲಿಲ್ಲ ಎಂದು ಇನ್ನೊಂದು ರೀತಿ ಹೇಳಿ. ಗಾಯವನ್ನು ಬೇಗ ತೋರಿಸಿದವರಿಗೆ ಒಳ್ಳೆಯ ಮಾತು ಆಡಿ, ಪಕ್ಕದ ಕುರ್ಚಿಯವರಿಗೂ ಅದು ಕೇಳಿಸುತ್ತದೆ.

ಇಷ್ಟೆಲ್ಲ ಕಲಿಸಿದರೆ ಕಾಲು ಉಳಿಯುತ್ತದೆ ಅಂತ ಗ್ಯಾರಂಟಿ ಇದೆಯಾ?

ಬರೀ ಮಾತಿನ ಪಾಠದಿಂದ ಇಲ್ಲ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2014ರ ಪರಾಮರ್ಶೆ ಮಧುಮೇಹಿಗಳ ಪಾದದ ಶಿಕ್ಷಣದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ನೋಡಿತು. ತಿಳಿವಳಿಕೆ, ರೂಢಿ ಸ್ವಲ್ಪ ಕಾಲ ಸುಧಾರಿಸುತ್ತದೆ, ಆದರೆ ಪಾಠ ಒಂದರಿಂದಲೇ ಹುಣ್ಣು ಮತ್ತು ಕಾಲು ತೆಗೆಯುವುದು ಕಡಿಮೆಯಾಗುತ್ತದೆ ಎನ್ನಲು ಗಟ್ಟಿ ಆಧಾರ ಸಾಲದು ಎಂದಿತು. ನನಗಿದು ಆಶ್ಚರ್ಯ ಅನಿಸಲಿಲ್ಲ. ಒಂದು ಸಲ ಹೇಳಿ ಕೈತೊಳೆದುಕೊಳ್ಳುವ ಪಾಠದಿಂದ ಏನಾಗುತ್ತದೆ? ಪಾಠದ ಜೊತೆ ನಿಯಮಿತ ತಪಾಸಣೆ, ಸರಿಯಾದ ಚಪ್ಪಲಿ, ಆಣಿ ಮತ್ತು ಉಗುರಿನ ಚಿಕಿತ್ಸೆ, ಗಾಯ ಕಂಡ ಕೂಡಲೇ ಕಳಿಸಲು ಒಂದು ಜಾಗ, ಇಷ್ಟೂ ಇರಬೇಕು. ಕೊನೆಯದು ನಿಮ್ಮ ಘಟಕದಲ್ಲಿ ಇಲ್ಲದಿದ್ದರೆ ಪಾಠಕ್ಕೆ ಮುಂಚೆ ಅದನ್ನು ಹೊಂದಿಸಿ. ಯಾವ ಡಾಕ್ಟರಿಗೆ ಫೋನ್ ಮಾಡಬೇಕು ಎಂಬುದು ಗೋಡೆಯ ಮೇಲೆ ಬರೆದಿರಲಿ.

ಕಿಡ್ನಿ ಕಸಿ ಆದ ಮೇಲೆ ಇದನ್ನೆಲ್ಲ ಬಿಡಬಹುದಾ?

ಬಿಡುವಂತಿಲ್ಲ. ಹೊಸ ಕಿಡ್ನಿ ಬಂದರೂ ಪಾದದ ಸ್ಪರ್ಶ ಪೂರ್ತಿ ಮರಳುತ್ತದೆ ಎಂದು ನಂಬಿ ಕೂರಲಾಗದು, ಸುಣ್ಣ ಕಟ್ಟಿದ ನಾಳವೂ ಹಾಗೇ ಇರುತ್ತದೆ. ಕಸಿಗೆ ಕೊಡುವ ಮಾತ್ರೆಗಳು ಸೋಂಕು ತಡೆಯುವ ಶಕ್ತಿ ಕುಗ್ಗಿಸುತ್ತವೆ, ಸ್ಟೀರಾಯ್ಡ್ ಇದ್ದರೆ ಶುಗರ್ ಏರುತ್ತದೆ. ಇನ್ನೊಂದು, ಅವರು ಇನ್ನು ವಾರಕ್ಕೆ ಮೂರು ಸಲ ನಿಮ್ಮಲ್ಲಿಗೆ ಬರುವುದಿಲ್ಲ, ಅಂದರೆ ಪಾದ ನೋಡುವ ಒಂದು ಜೋಡಿ ಕಣ್ಣು ಕಡಿಮೆಯಾಯಿತು. ಕಳಿಸಿಕೊಡುವ ಮುಂಚೆ ಹಳೆಯ ಗಾಯಗಳ ವಿವರ, ಸ್ಪರ್ಶ ಎಲ್ಲೆಲ್ಲಿ ಇಲ್ಲ ಎಂಬುದು, ಮುಂದಿನ ಪಾದ ತಪಾಸಣೆಯ ತಾರೀಖು, ಮೂರನ್ನೂ ಬರೆದು ಮನೆಯವರ ಕೈಯಲ್ಲಿ ಕೊಡಿ.